ನೀರಿನ ಗೆರೆ, ಕಾಗದದ ಗೆರೆ: ಜಲಾನಯನದ ರಕ್ಷಿತ ಗಡಿ ಬದಲಿಸುವುದು ಹೇಗೆ

ನೆಲಮಂಗಲ, ಮಾಗಡಿ ಕಡೆ ಜಮೀನು ನೋಡಲು ಬಂದವರು ಈಗ ಎರಡು ಪ್ರಶ್ನೆ ಕೇಳುತ್ತಾರೆ. ಬೋರ್‌ನಲ್ಲಿ ಎಷ್ಟು ಇಂಚು ನೀರಿದೆ? ಇದು ಬಫರ್‌ನಲ್ಲಿ ಬರುತ್ತಾ? ಮೊದಲನೆಯದಕ್ಕೆ ಊರಿನ ಯಾರಾದರೂ ಉತ್ತರ ಕೊಡುತ್ತಾರೆ. ಎರಡನೆಯದಕ್ಕೆ ಹತ್ತು ಜನರನ್ನು ಕೇಳಿದರೆ ಹತ್ತು ಉತ್ತರ. ತಮಾಷೆ ಅಂದರೆ ಇವೆರಡೂ ಒಂದೇ ಪ್ರಶ್ನೆ. ಮೇಲೆ ಬಿದ್ದ ಮಳೆ ಎಲ್ಲಿ ಇಂಗುತ್ತದೆ, ಎಲ್ಲಿಗೆ ಹರಿಯುತ್ತದೆ ಅನ್ನುವುದರ ಮೇಲೆ ಎರಡೂ ನಿಂತಿವೆ.

ಈ ಬರಹ ಆ ಎರಡನೆಯ ಪ್ರಶ್ನೆಯ ಬಗ್ಗೆ. ಬಫರ್ ಅಂದರೆ ಕೆರೆ, ನದಿಯ ಸುತ್ತ ಕಟ್ಟಡಕ್ಕೆ ತಡೆ ಇರುವ ಪಟ್ಟಿ. ನಿಮ್ಮ ಊರಿನ ಕೆರೆ, ಹಳ್ಳ ಅಥವಾ ನದಿಯ ರಕ್ಷಿತ ಗಡಿ ತಪ್ಪಾಗಿದೆ, ಸಾಲುತ್ತಿಲ್ಲ, ಅಥವಾ ಇಲ್ಲವೇ ಇಲ್ಲ ಅನ್ನಿಸಿದರೆ ಏನು ಮಾಡಬೇಕು? ಉದಾಹರಣೆಗೆ ತಿಪ್ಪಗೊಂಡನಹಳ್ಳಿ ಜಲಾಶಯದ ಜಲಾನಯನವನ್ನೇ, ಅಂದರೆ ಅದಕ್ಕೆ ಮಳೆನೀರು ಹರಿದು ಬರುವ ಇಡೀ ಪ್ರದೇಶವನ್ನೇ, ಇಟ್ಟುಕೊಳ್ಳುತ್ತೇನೆ. ದಾರಿ ಮಾತ್ರ ಕರ್ನಾಟಕದ ಬೇರೆ ಕಡೆಯೂ ಹೆಚ್ಚುಕಡಿಮೆ ಇದೇ.

ಹಿನ್ನೆಲೆ ಚಿಕ್ಕದಾಗಿ. ನಂದಿಬೆಟ್ಟದಿಂದ ಬರುವ ಅರ್ಕಾವತಿ, ಶಿವಗಂಗೆ ಬೆಟ್ಟದಿಂದ ಬರುವ ಕುಮುದ್ವತಿ ಸೇರುವಲ್ಲಿ 1933ರಲ್ಲಿ ಈ ಜಲಾಶಯ ಕಟ್ಟಿದರು. ಬೆಂಗಳೂರಿಗೆ ದಶಕಗಳ ಕಾಲ ನೀರು ಕೊಟ್ಟಿತು. ಇದರ ಜಲಾನಯನ ಸುಮಾರು 1,450 ಚದರ ಕಿ.ಮೀ. ಒಳಹರಿವು ವರ್ಷದಿಂದ ವರ್ಷಕ್ಕೆ ಬತ್ತಿದಾಗ, 2003ರ ನವೆಂಬರ್‌ನಲ್ಲಿ ರಾಜ್ಯ ಸರ್ಕಾರ ಆದೇಶ ಹೊರಡಿಸಿ ನಾಲ್ಕು ವಲಯ ಮಾಡಿತು. ಇಡೀ ಜಲಾನಯನ ಒಂದು ವಲಯ. ಜಲಾಶಯದ ಸುತ್ತ 2 ಕಿ.ಮೀ. ಇನ್ನೊಂದು. ನದಿ ದಂಡೆಯಿಂದ 1 ಕಿ.ಮೀ. ಮತ್ತೊಂದು. ಅದರಾಚೆ 1ರಿಂದ 2 ಕಿ.ಮೀ.ವರೆಗೆ ಕೊನೆಯದು. 2019ರಲ್ಲಿ ಸರ್ಕಾರ ಈ ಬಫರ್‌ಗಳನ್ನು ಕಿರಿದು ಮಾಡಿತು. ಅಂದರೆ ಗಡಿ ಕಲ್ಲಿನಲ್ಲಿ ಕೊರೆದದ್ದಲ್ಲ. ಅದು ಬದಲಾಗುತ್ತದೆ, ಎರಡೂ ಕಡೆಗೆ.

ಮೊದಲು: ಯಾವ ಗಡಿ ಅಂತ ತಿಳಿಯಿರಿ

"ಬಫರ್" ಅನ್ನುವ ಒಂದೇ ಮಾತಿನಲ್ಲಿ ಮೂರು ನಾಲ್ಕು ಬೇರೆ ಬೇರೆ ಗೆರೆಗಳಿವೆ. ಒಂದೊಂದಕ್ಕೂ ಒಂದೊಂದು ಬಾಗಿಲು. ತಪ್ಪು ಬಾಗಿಲು ತಟ್ಟಿದರೆ ವರ್ಷವೇ ಹೋಗುತ್ತದೆ.

2003ರಂಥ ಆದೇಶ ಬರುವುದು 1986ರ ಪರಿಸರ ಸಂರಕ್ಷಣಾ ಕಾಯ್ದೆಯ ಅಡಿ. ಅದನ್ನು ಬದಲಿಸುವುದು ರಾಜ್ಯದ ಪರಿಸರ ಇಲಾಖೆ. ಪಂಚಾಯಿತಿಯಾಗಲಿ, ಯೋಜನಾ ಪ್ರಾಧಿಕಾರವಾಗಲಿ ಅದನ್ನು ಸಡಿಲಿಸುವಂತಿಲ್ಲ.

ಎರಡನೆಯದು, ಎಲ್ಲಿ ವಸತಿ, ಎಲ್ಲಿ ಕೃಷಿ ಅಂತ ಯೋಜನಾ ಪ್ರಾಧಿಕಾರ ಗುರುತಿಸುವ ಮಾಸ್ಟರ್ ಪ್ಲಾನ್‌ನ ಬಫರ್. ಬೆಂಗಳೂರಿನ 2015ರ ಪರಿಷ್ಕೃತ ಮಾಸ್ಟರ್ ಪ್ಲಾನ್‌ನಲ್ಲಿ ಕೆರೆಗೆ 30 ಮೀಟರ್, ರಾಜಕಾಲುವೆಗಳಿಗೆ ದರ್ಜೆ ನೋಡಿ 50, 25, 15 ಮೀಟರ್ ಇತ್ತು. 2016ರ ಮೇನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಕೆರೆಗೆ 75 ಮೀಟರ್, ಕಾಲುವೆಗೆ 50, 35, 25 ಅಂದಿತು. 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಕಾರಣ ಗಮನಿಸಿ: ಮಾಸ್ಟರ್ ಪ್ಲಾನ್ ಕಾನೂನಿನ ಬಲ ಇರುವ ದಾಖಲೆ, ನ್ಯಾಯಮಂಡಳಿ ತನ್ನ ಆದೇಶದಿಂದ ಅದನ್ನು ತಿದ್ದುವಂತಿಲ್ಲ. ಹಾಗಾಗಿ ಈ ಗೆರೆ ದೊಡ್ಡದಾಗಬೇಕು ಅಂದರೆ ಮಾಸ್ಟರ್ ಪ್ಲಾನ್ ತಿದ್ದುವ ದಾರಿಯಲ್ಲೇ ಹೋಗಬೇಕು.

ಮೂರನೆಯದು ಕೆರೆಗಳ 2014ರ ಕಾಯ್ದೆ. ಅದರಲ್ಲೂ ಕೆರೆ ಅಂಚಿನಿಂದ 30 ಮೀಟರ್ ಒಳಗೆ ಕಟ್ಟಡ ಕಟ್ಟುವಂತಿಲ್ಲ ಅಂತಿತ್ತು. 2025ರ ಆಗಸ್ಟ್‌ನಲ್ಲಿ ಅದನ್ನು ಕೆರೆಯ ಗಾತ್ರ ನೋಡಿ ಇಳಿಸುವ ತಿದ್ದುಪಡಿ ಮಸೂದೆ ವಿಧಾನಮಂಡಲದಲ್ಲಿ ಪಾಸಾಯಿತು. ಇದು ಶಾಸಕರ ಕೈಯಲ್ಲಿರುವ ಗೆರೆ.

ಇನ್ನೊಂದು ಗೊಂದಲ ಈಗಲೇ ಬಗೆಹರಿಸಿಕೊಳ್ಳಿ. ಊರಿನಲ್ಲಿ ಕೆರೆ ಜಮೀನು ಅಂದರೆ ಅಚ್ಚುಕಟ್ಟು ಅಂದುಕೊಳ್ಳುವವರೇ ಜಾಸ್ತಿ. ಅಚ್ಚುಕಟ್ಟು ಏರಿಯ ಕೆಳಗೆ ಇರುತ್ತದೆ, ತೂಬಿನ ನೀರು ಹೋಗುವ ಗದ್ದೆ ಅದು. ಜಲಾನಯನ ಕೆರೆಯ ಮೇಲೆ ಇರುತ್ತದೆ, ಅಲ್ಲಿ ಬಿದ್ದ ಮಳೆ ಕೆರೆಗೆ ಬರುತ್ತದೆ. ಅಚ್ಚುಕಟ್ಟಿನ ರೈತನಿಗೆ ಗಡಿ ಬಿಗಿಯಾದರೆ ಲಾಭ. ಜಲಾನಯನದ ರೈತನಿಗೆ ಅದರಿಂದ ಕಟ್ಟುಪಾಡು. ಇವರಿಬ್ಬರೂ ಒಂದೇ ಊರಿನವರಾಗಿರಬೇಕು ಅಂತೇನಿಲ್ಲ. ಮುಂದಿನ ಜಗಳವೆಲ್ಲ ಇಲ್ಲಿಂದಲೇ ಹುಟ್ಟುವುದು.

ಗೆರೆ ಎಳೆಯಿರಿ, ಆಮೇಲೆ ನಡೆದು ನೋಡಿ

ಭಾರತೀಯ ಸರ್ವೇಕ್ಷಣಾಲಯದ 1:50,000 ಅಳತೆಯ ನಕ್ಷೆ ಆನ್‌ಲೈನ್‌ನಲ್ಲಿ ಪುಕ್ಕಟೆ ಸಿಗುತ್ತದೆ. ನಿಮ್ಮ ಕೆರೆಯ ಕೋಡಿಯ (ಕೆರೆ ತುಂಬಿದಾಗ ನೀರು ಹೊರಬೀಳುವ ಜಾಗ) ಮೇಲೆ ಪೆನ್ಸಿಲ್ ಇಡಿ. ಅಲ್ಲಿಂದ ಒಂದು ಬದಿಯ ದಿಣ್ಣೆ ಹಿಡಿದು ಮೇಲೇರಿ. ಸಮಎತ್ತರದ ಗೆರೆಗಳನ್ನು ನೇರವಾಗಿ ಕತ್ತರಿಸುತ್ತಾ ಹೋಗಬೇಕು, ಎಲ್ಲೂ ಹಳ್ಳ ದಾಟಬಾರದು. ಆ ಗೆರೆಗಳು ಎತ್ತರದ ಕಡೆಗೆ ಮೂತಿ ಚಾಚಿದ್ದರೆ ಅದು ಹಳ್ಳ. ಇಳಿಜಾರಿನ ಕಡೆಗೆ ಚಾಚಿದ್ದರೆ ದಿಣ್ಣೆಯ ಬೆನ್ನು. ಬೆನ್ನಿನ ಮೇಲೇ ಸುತ್ತು ಹಾಕಿ, ಇನ್ನೊಂದು ಬದಿಯಿಂದ ಕೋಡಿಗೆ ವಾಪಸ್ ಬನ್ನಿ. ಸುತ್ತು ಮುಗಿದರೆ ಅದೇ ನಿಮ್ಮ ಜಲಾನಯನ. ಕಂಪ್ಯೂಟರ್ ಗೊತ್ತಿರುವ ಹುಡುಗರಿದ್ದರೆ ಕ್ಯೂಜಿಐಎಸ್ ಅನ್ನುವ ಉಚಿತ ತಂತ್ರಾಂಶದಲ್ಲಿ, ಇಸ್ರೋದ ಭುವನ್ ತಾಣದ ಎತ್ತರದ ದತ್ತಾಂಶ ಹಾಕಿ ಇದೇ ಗೆರೆಯನ್ನು ಬೇಗ ತೆಗೆಯಬಹುದು.

ಆದರೆ ನಿಲ್ಲಿ. ಈ ನಕ್ಷೆಯಲ್ಲಿ ಸಮಎತ್ತರದ ಗೆರೆಗಳು 20 ಮೀಟರಿಗೊಂದು. ಶಿವಗಂಗೆಯಂಥ ಬೆಟ್ಟದಲ್ಲಿ ಅದು ಸಾಕು. ದೊಡ್ಡಬಳ್ಳಾಪುರದ ಕಡೆಯ ಚಪ್ಪಟೆ ಹೊಲದಲ್ಲಿ ಎರಡು ಗೆರೆಗಳ ನಡುವೆ ಒಂದು ಊರೇ ಕೂತಿರುತ್ತದೆ. ಅಲ್ಲಿ ನಕ್ಷೆ ಸುಳ್ಳು ಹೇಳುತ್ತದೆ, ಮಳೆ ಹೇಳುವುದಿಲ್ಲ. ಜೋರು ಮಳೆ ಬಂದ ದಿನ ಕೊಡೆ ಹಿಡಿದು ಹೋಗಿ. ನೀರು ಎರಡಾಗಿ ಸೀಳುವ ಜಾಗ ಕಣ್ಣಿಗೇ ಕಾಣುತ್ತದೆ. ಫೋಟೊ ತೆಗೆಯಿರಿ, ಲೊಕೇಶನ್ ಆನ್ ಇಟ್ಟುಕೊಂಡು.

ರಸ್ತೆಗಳನ್ನು ಮರೆಯಬೇಡಿ. ಹೆದ್ದಾರಿ ಎತ್ತರಿಸಿದಾಗ ಹಳೆಯ ಹಳ್ಳ ಮುಚ್ಚಿ ಅರ್ಧ ಕಿ.ಮೀ. ಆಚೆ ಮೋರಿ ಇಟ್ಟಿರುತ್ತಾರೆ. ಅಲ್ಲಿಗೆ ಆ ಭಾಗದ ನೀರು ಬೇರೆ ಕೆರೆಗೆ ಹೋಯಿತು. ಹಳೆಯ ನಕ್ಷೆಯಲ್ಲಿ ಅದು ಇನ್ನೂ ನಿಮ್ಮ ಕೆರೆಯದ್ದೇ. ಪ್ರತಿ ಮೋರಿಯನ್ನೂ ಗುರುತು ಹಾಕಿಕೊಳ್ಳಿ. ಊರಿನಲ್ಲಿ ಕೆರೆಯ ನೀರು ಹಂಚುತ್ತಿದ್ದ ನೀರುಗಂಟಿ ಮನೆತನದವರು ಯಾರಾದರೂ ಉಳಿದಿದ್ದರೆ ಅವರನ್ನು ಜೊತೆಗೆ ಕರೆದುಕೊಂಡು ಹೋಗಿ. ಯಾವ ಕೆರೆ ತುಂಬಿ ಯಾವ ಕೆರೆಗೆ ಕೋಡಿ ಬೀಳುತ್ತಿತ್ತು ಅನ್ನುವುದು ಅವರಿಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿಲ್ಲ.

ತುಮಕೂರು, ಗದಗ, ಕೊಪ್ಪಳ, ಚಾಮರಾಜನಗರದಂಥ ಕೆಲವು ಜಿಲ್ಲೆಗಳ ಓದುಗರಿಗೆ ಅರ್ಧ ಕೆಲಸ ಆಗಲೇ ಆಗಿರಬಹುದು. ಸುಜಲ ಯೋಜನೆಯ ಮೂರನೇ ಹಂತದಲ್ಲಿ ಅಲ್ಲಿನ ಹಲವು ಕಿರು ಜಲಾನಯನಗಳಿಗೆ ಸರ್ವೆ ನಂಬರ್ ಮಟ್ಟದ ಮಣ್ಣು ಮತ್ತು ನೀರಿನ ನಕ್ಷೆ ಮಾಡಿದ್ದಾರೆ. ಜಲಾನಯನ ಅಭಿವೃದ್ಧಿ ಇಲಾಖೆಯಲ್ಲಿ ಕೇಳಿ ನೋಡಿ.

ಸರ್ವೆ ನಂಬರಿಗೆ ಇಳಿಸಿ

ನನ್ನ ಪ್ರಕಾರ ಇಡೀ ಕೆಲಸದ ಗಂಟು ಇರುವುದು ಇಲ್ಲೇ. ನೀರಿಗೆ ಸರ್ವೆ ನಂಬರ್ ಗೊತ್ತಿಲ್ಲ. ಕಚೇರಿಗೆ ಸರ್ವೆ ನಂಬರ್ ಬಿಟ್ಟರೆ ಬೇರೆ ಗೊತ್ತಿಲ್ಲ. "ನದಿಯಿಂದ 1 ಕಿ.ಮೀ." ಅಂತ ಆದೇಶದಲ್ಲಿ ಬರೆಯುವುದು ಸುಲಭ. ಆ ಗೆರೆ ಯಾವ ಹಿಸ್ಸಾದ ಮಧ್ಯೆ ಹಾದುಹೋಗುತ್ತದೆ ಅಂತ ಹೇಳುವವರು ಬೇಕಲ್ಲ?

ಗ್ರಾಮ ನಕಾಶೆ ಕಂದಾಯ ಇಲಾಖೆಯ ತಾಣದಲ್ಲಿ ಸಿಗುತ್ತದೆ. ದಿಶಾಂಕ್ ಆ್ಯಪ್ ತೆರೆದು ಹೊಲದಲ್ಲಿ ನಿಂತರೆ ಯಾವ ಸರ್ವೆ ನಂಬರಿನಲ್ಲಿ ನಿಂತಿದ್ದೀರಿ ಅಂತ ತೋರಿಸುತ್ತದೆ. ಕೆಲವು ಮೀಟರ್ ಆಚೀಚೆ ಆಗಬಹುದು, ಹಾಗಾಗಿ ಅದು ಸುಳಿವು ಮಾತ್ರ, ಪುರಾವೆಯಲ್ಲ. ಪಕ್ಕಾ ಆಗಬೇಕಾದಲ್ಲಿ ಆಕಾರ್‌ಬಂದ್ (ಸರ್ವೆ ನಂಬರಿನ ವಿಸ್ತೀರ್ಣದ ದಾಖಲೆ), ಟಿಪ್ಪಣಿ (ಸರ್ವೆಯರ್ ಅಳತೆಯ ನಕ್ಷೆ) ತೆಗೆಸಿ. ಪಹಣಿಯಲ್ಲಿ ಬಿ ಖರಾಬು, ಅಂದರೆ ಸಾರ್ವಜನಿಕ ಬಳಕೆಗೆ ಬಿಟ್ಟ ಜಾಗ, ಎಷ್ಟಿದೆ ನೋಡಿ. ಹಳೆಯ ಹಳ್ಳ, ಕಾಲುದಾರಿ ಎಲ್ಲ ಬಿ ಖರಾಬಿನಲ್ಲೇ ಅಡಗಿ ಕೂತಿರುತ್ತವೆ.

ಪಟ್ಟಿಯನ್ನು ಮೂರು ಭಾಗ ಮಾಡಿ: ಪೂರ್ತಿ ಒಳಗೆ ಬರುವ ನಂಬರುಗಳು, ಪೂರ್ತಿ ಹೊರಗೆ ಉಳಿಯುವವು, ಗೆರೆ ಸೀಳಿಕೊಂಡು ಹೋಗುವವು. ಮೂರನೆಯದಕ್ಕೆ ಮೊದಲೇ ಒಂದು ನಿಯಮ ಹೇಳಿಬಿಡಿ. ಅರ್ಧಕ್ಕಿಂತ ಜಾಸ್ತಿ ಒಳಗಿದ್ದರೆ ಒಳಗೆ ಅಂತಲೋ, ಗೆರೆ ಇರುವಷ್ಟೇ ಒಳಗೆ ಅಂತಲೋ. ಯಾವುದಾದರೂ ಸರಿ, ಎಲ್ಲರಿಗೂ ಒಂದೇ ಇರಲಿ. ಅಧ್ಯಕ್ಷರ ಅಣ್ಣನ ತೋಟಕ್ಕೆ ಬೇರೆ ನಿಯಮ ಆದರೆ ಅಲ್ಲಿಗೆ ನಿಮ್ಮ ಮಾತು ಮುಗಿಯಿತು.

ಅಳತೆ ಎಲ್ಲಿಂದ ಅನ್ನುವುದನ್ನೂ ಬರೆಯಿರಿ. ಬೆಂಗಳೂರಿನ ಮಾಸ್ಟರ್ ಪ್ಲಾನ್ ಕಾಲುವೆಯ ನಡುಮಧ್ಯದಿಂದ ಅಳೆಯಿತು, ಹಸಿರು ನ್ಯಾಯಮಂಡಳಿ ಅಂಚಿನಿಂದ ಅಂದಿತು. 10 ಮೀಟರ್ ಅಗಲದ ಕಾಲುವೆಗೆ ನಡುವಿನಿಂದ 50 ಮೀಟರ್ ಅಂದರೆ ದಂಡೆಯಾಚೆ ಉಳಿಯುವುದು 45 ಮೀಟರ್. ಕೆರೆಗೂ ಹಾಗೇ. ನೀರು ನಿಂತ ಅಂಚಾ, ಸರ್ವೆಯಲ್ಲಿರುವ ಕೆರೆ ಗಡಿಯಾ? ಬೇಸಿಗೆಯಲ್ಲಿ ಇವೆರಡರ ನಡುವೆ ಒಂದು ಲೇಔಟ್ ಹಿಡಿಸುತ್ತದೆ. "ಸರ್ವೆ ದಾಖಲೆಯ ಕೆರೆ ಗಡಿಯಿಂದ" ಅಂತಲೇ ಬರೆಯಿರಿ.

ಹೊಲದವರ ಜೊತೆ ಕೂರಿ

ಪಶ್ಚಿಮ ಘಟ್ಟದ ಕಥೆ ನೆನಪಿದೆ ಅಲ್ವಾ? ಘಟ್ಟದ ಪರಿಸರ ಉಳಿಸಲು ಎಲ್ಲಿ ಗಡಿ ಹಾಕಬೇಕು ಅಂತ ನೋಡಲು ಕೇಂದ್ರ ನೇಮಿಸಿದ ಗಾಡ್ಗೀಳ್ ಸಮಿತಿ ಸುಮಾರು 9 ಕಿ.ಮೀ. ಚೌಕಗಳಲ್ಲಿ ಘಟ್ಟವನ್ನು ಅಳೆದು, ಕೊನೆಯ ಗಡಿಯನ್ನು ಸ್ಥಳೀಯರ ಜೊತೆ ಕೂತು ಗುರುತಿಸಬೇಕು ಅಂದಿತ್ತು. ಆಮೇಲೆ ಬಂದ ಕಸ್ತೂರಿರಂಗನ್ ಸಮಿತಿ ಇಡೀ ಗ್ರಾಮವನ್ನೇ ಅಳತೆಗೋಲು ಮಾಡಿಕೊಂಡಿತು. ಕೇಂದ್ರದ ಕರಡಿನಲ್ಲಿ ಕರ್ನಾಟಕದ 1,576 ಗ್ರಾಮಗಳ ಹೆಸರು ಬಂತು. ಊರು ಅಂದರೆ ಪೂರ್ತಿ ಊರು. ಕಾಡಂಚಿನ ಇಳಿಜಾರೂ ಒಳಗೆ, ಬಸ್‌ಸ್ಟ್ಯಾಂಡೂ ಒಳಗೆ. ಮನೆಗೆ ಹೆಂಚು ಹೊದಿಸೋ ಹಾಗೂ ಇಲ್ಲವಂತೆ, ಒಕ್ಕಲೆಬ್ಬಿಸುತ್ತಾರಂತೆ ಅನ್ನುವ ಮಾತುಗಳು ಊರೂರು ಸುತ್ತಿದವು. 2024ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಂಪುಟ ಕಸ್ತೂರಿರಂಗನ್ ವರದಿಯನ್ನು ತಿರಸ್ಕರಿಸಿತು. ಕಾರಣ ಹಲವು ಇವೆ. ಆದರೆ "ನನ್ನ ಹೊಲಕ್ಕೆ ಏನಾಗುತ್ತೆ" ಅನ್ನುವ ಒಂದೇ ಪ್ರಶ್ನೆಗೆ ಒಂದು ಹಾಳೆಯಲ್ಲಿ ಕನ್ನಡದ ಉತ್ತರ ಮನೆಮನೆಗೆ ಹೋಗಿದ್ದರೆ ಗಾಳಿಮಾತಿಗೆ ಅಷ್ಟು ಜಾಗ ಸಿಗುತ್ತಿರಲಿಲ್ಲ ಅಂತ ನನಗೆ ಅನ್ನಿಸುತ್ತದೆ.

ಅದಕ್ಕೇ ಮೊದಲು ಆ ಹಾಳೆ ಮಾಡಿ. ಲೆಕ್ಕ ಹೀಗೆ. ಕೆರೆಯಂಚಿಗೆ 100 ಮೀಟರ್ ಮುಖ ಇರುವ ಹೊಲಕ್ಕೆ 30 ಮೀಟರ್ ಬಫರ್ ಬಂದರೆ 3,000 ಚದರ ಮೀಟರ್. ಗುಂಟೆ ಲೆಕ್ಕದಲ್ಲಿ ಸುಮಾರು 30, ಅಂದರೆ ಮುಕ್ಕಾಲು ಎಕರೆ. ಚಿಕ್ಕ ಹಿಡುವಳಿದಾರನಿಗೆ ಇದು ದೊಡ್ಡ ಮಾತು. ಅದನ್ನು ಮುಚ್ಚಿಡಬೇಡಿ. ಜೊತೆಗೇ ಹೇಳಿ: ಜಮೀನು ಅವರ ಹೆಸರಿನಲ್ಲೇ ಇರುತ್ತದೆ, ಬೇಸಾಯಕ್ಕೆ ಅಡ್ಡಿ ಇಲ್ಲ, ಕಟ್ಟಡ ಮತ್ತು ಲೇಔಟಿಗೆ ಮಾತ್ರ ತಡೆ. ನೀವು ಕೇಳುತ್ತಿರುವ ಗಡಿಯಲ್ಲಿ ನಿಜಕ್ಕೂ ಹಾಗೇ ಬರೆದಿದೆಯಾ ಅಂತ ಮೊದಲು ನೋಡಿಕೊಂಡು ಹೇಳಿ. ಮುಂದೆ ಸೈಟು ಮಾಡಿ ಮಾರುವ ಆಸೆ ಇಟ್ಟುಕೊಂಡವರಿಗೆ ಇದು ನಷ್ಟವೇ. ಅವರಿಗೆ "ನಿಮಗೇನೂ ನಷ್ಟ ಇಲ್ಲ" ಅನ್ನಬೇಡಿ. ಮಗಳ ಮದುವೆಗೆ ಅಂತ ಆ ಮುಕ್ಕಾಲು ಎಕರೆ ಇಟ್ಟುಕೊಂಡವರು ನಿಮ್ಮ ಜೊತೆ ಇನ್ನೊಮ್ಮೆ ಮಾತಾಡುವುದಿಲ್ಲ.

ಲಾಭದ ಮಾತನ್ನೂ ಅವರ ಅಳತೆಯಲ್ಲೇ ಹೇಳಿ. ಒಂದು ಎಕರೆಗೆ ಒಂದು ಇಂಚು ಮಳೆ ಬಿದ್ದರೆ ಸುಮಾರು ಒಂದು ಲಕ್ಷ ಲೀಟರ್ ನೀರು. ಕಾಂಕ್ರೀಟ್ ಮೇಲೆ ಬಿದ್ದರೆ ಅದು ಮೋರಿಗೆ. ಹೊಲದ ಮೇಲೆ ಬಿದ್ದರೆ ಒಂದಷ್ಟು ಬೋರ್‌ಗೆ. ಆದರೆ ಕಟ್ಟಡ ಕಟ್ಟುವುದು ನಿಂತರೆ ನದಿ ತುಂಬುತ್ತದೆ ಅಂತ ಮಾತು ಕೊಡಬೇಡಿ. ಅರ್ಕಾವತಿ ಬತ್ತಿದ್ದಕ್ಕೆ ಮಳೆ ಕಡಿಮೆಯಾದದ್ದು ಕಾರಣವಲ್ಲ, ಅತಿಯಾಗಿ ಅಂತರ್ಜಲ ಎತ್ತಿದ್ದು ಮತ್ತು ನೀಲಗಿರಿ ತೋಪುಗಳೇ ಮುಖ್ಯ ಅಂತ ಬೆಂಗಳೂರಿನ ಏಟ್ರೀ ಸಂಸ್ಥೆಯ ಅಧ್ಯಯನ ತೋರಿಸಿದೆ. 2017ರಲ್ಲಿ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿದ್ದೂ ಸುಮ್ನೆ ಅಲ್ಲ. ಗಡಿ ಒಂದೇ ಎಲ್ಲವನ್ನೂ ಮಾಡುವುದಿಲ್ಲ ಅಂತ ನೀವೇ ಮೊದಲು ಒಪ್ಪಿಕೊಂಡರೆ ಸಭೆಯಲ್ಲಿ ಅದನ್ನೇ ಹಿಡಿದು ಯಾರೂ ನಿಮ್ಮನ್ನು ಎಳೆದಾಡಲು ಆಗುವುದಿಲ್ಲ.

ಸಭೆ ಎಲ್ಲಿ ಸೇರಿಸುವುದು? ಹಾಲಿನ ಡೇರಿ ಹತ್ತಿರ, ಬೆಳಿಗ್ಗೆ ಹಾಲು ಹಾಕಿ ಆದ ಮೇಲೆ. ಅಲ್ಲಿ ಹೆಂಗಸರೂ ಇರುತ್ತಾರೆ. ಪಂಚಾಯಿತಿ ಕಟ್ಟೆಯಲ್ಲಿ ಸಂಜೆ ಸಭೆ ಇಟ್ಟರೆ ಹತ್ತು ಗಂಡಸರು, ಅದರಲ್ಲಿ ನಾಲ್ವರು ಬ್ರೋಕರುಗಳು. ದೊಡ್ಡದಾಗಿ ಪ್ರಿಂಟ್ ಮಾಡಿದ ಗ್ರಾಮ ನಕಾಶೆ ನೆಲಕ್ಕೆ ಹಾಸಿ. ಪ್ರತಿಯೊಬ್ಬರೂ ಮೊದಲು ತಮ್ಮ ಹೊಲ ಹುಡುಕುತ್ತಾರೆ. ಹುಡುಕಲಿ. ಅಷ್ಟು ಹೊತ್ತು ನೀವು ಬಾಯಿ ಬಿಡಬೇಡಿ.

ಹೆಸರಘಟ್ಟ ಹುಲ್ಲುಗಾವಲನ್ನೂ ನೋಡಿ. ಅದೂ ಇದೇ ಅರ್ಕಾವತಿ ಜಲಾನಯನದ್ದೇ. ಅದನ್ನು ಸಂರಕ್ಷಣಾ ಮೀಸಲು ಮಾಡುವ ಪ್ರಸ್ತಾವ 2021ರ ಜನವರಿಯಲ್ಲಿ ರಾಜ್ಯ ವನ್ಯಜೀವಿ ಮಂಡಳಿಯಲ್ಲಿ ಬಿದ್ದುಹೋಯಿತು. ಸುತ್ತಲಿನ ರೈತರಿಗೆ ತೊಂದರೆ ಆಗುತ್ತದೆ ಅನ್ನುವುದೇ ವಿರೋಧದ ಮುಖ್ಯ ಮಾತು. 2024ರ ಅಕ್ಟೋಬರ್‌ನಲ್ಲಿ ಅದೇ ಮಂಡಳಿ 5,678 ಎಕರೆಗೆ ಒಪ್ಪಿಗೆ ಕೊಟ್ಟಿತು. ಸಂರಕ್ಷಣಾ ಮೀಸಲು ಆಗುವುದು ಸರ್ಕಾರಿ ಜಮೀನಿನಲ್ಲಿ ಮಾತ್ರ, ಅದೂ ಸ್ಥಳೀಯರ ಜೊತೆ ಸಮಾಲೋಚಿಸಿದ ಮೇಲೆ. ಈ ಒಂದು ಅಂಶ ಗೊತ್ತಿದ್ದರೆ ಎಷ್ಟೋ ಭಯ ಅಲ್ಲೇ ಇಳಿಯುತ್ತದೆ.

ಗ್ರಾಮಸಭೆಯ ನಡಾವಳಿ

ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ನಡೆಯಬೇಕು. ವಿಷಯವನ್ನು ಮೊದಲೇ ಲಿಖಿತವಾಗಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ (ಪಿಡಿಒ) ಕೊಟ್ಟು ಕಾರ್ಯಸೂಚಿಗೆ ಸೇರಿಸಿ. ನಡಾವಳಿಯಲ್ಲಿ "ಕೆರೆ ಉಳಿಸಬೇಕು" ಅಂತ ಬರೆಸಿದರೆ ಪ್ರಯೋಜನವಿಲ್ಲ. ಸರ್ವೆ ನಂಬರ್ ಪಟ್ಟಿ, ಅಳತೆ ಎಲ್ಲಿಂದ, ಏನಕ್ಕೆ ತಡೆ, ವಿರೋಧಿಸಿದವರ ಮಾತು, ಎಲ್ಲ ಇರಲಿ. ಹೌದು, ವಿರೋಧವೂ. ಈ ನಿರ್ಣಯಕ್ಕೆ ಯೋಜನಾ ಪ್ರಾಧಿಕಾರ ಬದ್ಧವಾಗಬೇಕು ಅಂತೇನಿಲ್ಲ, ಆದರೆ ಫೈಲಿನಲ್ಲಿ ಅದಕ್ಕೆ ತೂಕ ಇದೆ. ದೃಢೀಕೃತ ನಕಲು ಅವತ್ತೇ ಕೇಳಿ. ನಾವೊಮ್ಮೆ ತಿಂಗಳು ಬಿಟ್ಟು ಹೋದೆವು, ಪುಸ್ತಕ "ಆಡಿಟ್‌ಗೆ ಹೋಗಿದೆ" ಅಂದರು.

ಯೋಜನಾ ಪ್ರಾಧಿಕಾರದ ಬಾಗಿಲು

ನೆಲಮಂಗಲ, ಮಾಗಡಿ, ದೊಡ್ಡಬಳ್ಳಾಪುರ ಮೂರಕ್ಕೂ ತಮ್ಮ ತಮ್ಮ ಯೋಜನಾ ಪ್ರಾಧಿಕಾರಗಳಿವೆ. ನಿಮ್ಮ ಜಲಾನಯನ ಎರಡು ಪ್ರಾಧಿಕಾರಗಳಿಗೆ ಹರಡಿದ್ದರೆ ಎರಡಕ್ಕೂ ಕೊಡಿ, ಮೇಲಿನ ಬೆಂಗಳೂರು ಮಹಾನಗರ ಪ್ರದೇಶಾಭಿವೃದ್ಧಿ ಪ್ರಾಧಿಕಾರ, ಅಂದರೆ ಬಿಎಂಆರ್‌ಡಿಎಗೂ ಒಂದು ಪ್ರತಿ. ನೀರಿಗೆ ತಾಲ್ಲೂಕಿನ ಗಡಿ ಇಲ್ಲ, ಆದರೆ ಟಪಾಲಿಗೆ ಇದೆ.

ಕಾನೂನು 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ. ಗಡಿ ತಿದ್ದಲು ಎರಡು ಸಂದರ್ಭ ಸಿಗುತ್ತವೆ.

ಮೊದಲನೆಯದು ಮಾಸ್ಟರ್ ಪ್ಲಾನ್ ಪರಿಷ್ಕರಣೆ. ಕರಡು ಪ್ರಕಟಿಸಿ ಆಕ್ಷೇಪಣೆ, ಸಲಹೆ ಕೇಳುತ್ತಾರೆ. ಬೆಂಗಳೂರಿನ 2031ರ ಕರಡು 2017ರ ನವೆಂಬರ್‌ನಲ್ಲಿ ಬಂದಾಗ 60 ದಿನ ಕೊಟ್ಟಿದ್ದರು, ಸಾವಿರಾರು ಆಕ್ಷೇಪಣೆ ಬಂದವು. 2020ರಲ್ಲಿ ಆ ಕರಡನ್ನೇ ಸರ್ಕಾರ ಹಿಂದಕ್ಕೆ ಪಡೆಯಿತು. ಈ 60 ದಿನದಲ್ಲಿ ನಕ್ಷೆ ಮಾಡಲು ಕೂತರೆ ಆಗುವುದಿಲ್ಲ. ಮೇಲಿನ ಹಂತಗಳನ್ನೆಲ್ಲ ಕರಡು ಬರುವ ಮೊದಲೇ ಮುಗಿಸಿ ಇಟ್ಟುಕೊಳ್ಳಿ ಅನ್ನುವುದು ಅದಕ್ಕೇ.

ಎರಡನೆಯದು ಕಲಂ 14ಎ. ಮಾಸ್ಟರ್ ಪ್ಲಾನ್ ನಡುವೆಯೇ ಭೂಬಳಕೆ ಬದಲಿಸುವ ದಾರಿ. ನಕ್ಷೆಯ ತಪ್ಪು, ಭೂಸ್ವರೂಪದ ತಪ್ಪು, ವಿವರ ಬಿಟ್ಟುಹೋಗಿದ್ದು, ಬದಲಾದ ಪರಿಸ್ಥಿತಿ, ಇವು ಕಾರಣಗಳು. ಬದಲಾವಣೆ ಸಾರ್ವಜನಿಕ ಹಿತಕ್ಕಿರಬೇಕು, ಪತ್ರಿಕೆಯಲ್ಲಿ ಪ್ರಕಟಿಸಿ ಆಕ್ಷೇಪಣೆ ಕರೆಯಬೇಕು. ನಿಜ ಹೇಳಬೇಕೆಂದರೆ ಈ ಕಲಂ ಬಳಸುವವರಲ್ಲಿ ಹೊಲವನ್ನು ವಸತಿಗೆ ಬದಲಿಸಿಕೊಳ್ಳುವವರೇ ಜಾಸ್ತಿ. ಅದಕ್ಕೆ ಊರಿನಲ್ಲಿ ಒಬ್ಬರಾದರೂ ದಿನಾ ಪತ್ರಿಕೆಯ ಜಾಹೀರಾತು ಪುಟ ನೋಡುವವರು ಬೇಕು. ಟೆಂಡರ್ ಜಾಹೀರಾತುಗಳ ನಡುವೆ ಸಣ್ಣ ಅಕ್ಷರದಲ್ಲಿ ನಿಮ್ಮ ಕೆರೆಯ ತಲೆ ಮೇಲಿನ ಸರ್ವೆ ನಂಬರ್ ಕೂತಿರುತ್ತದೆ.

ಅರ್ಜಿ ಎರಡು ಪುಟಕ್ಕಿಂತ ಉದ್ದ ಬೇಡ. ನಾನು ಬರೆಯುವ ಕ್ರಮ ಇದು: "ಇಂಥ ಗ್ರಾಮ, ಇಂಥ ಹೋಬಳಿಯ ಸರ್ವೆ ನಂಬರ್ ಇಷ್ಟರಿಂದ ಇಷ್ಟರವರೆಗಿನ ಜಮೀನಿನ ಮಳೆನೀರು ಇಂಥ ಕೆರೆಗೆ ಹರಿಯುತ್ತದೆ. ಕರಡು ನಕ್ಷೆಯ ಇಂಥ ಹಾಳೆಯಲ್ಲಿ ಇದನ್ನು ವಸತಿ ವಲಯವೆಂದು ತೋರಿಸಲಾಗಿದೆ. ಲಗತ್ತಿಸಿದ ನಕ್ಷೆ, ಫೋಟೊ ಮತ್ತು ಗ್ರಾಮಸಭೆ ನಡಾವಳಿಯ ಆಧಾರದಲ್ಲಿ ಇದನ್ನು ಕೃಷಿ ವಲಯವೆಂದು ತಿದ್ದಬೇಕು." ಮೂರು ವಾಕ್ಯ, ಮೂರು ಲಗತ್ತು. ಒಂದೇ ಪತ್ರದ ನೂರು ಜೆರಾಕ್ಸ್‌ಗಿಂತ ಹತ್ತು ಮನೆಯವರು ತಮ್ಮ ತಮ್ಮ ಹೊಲದ ಬಗ್ಗೆ ಬರೆದ ಹತ್ತು ಪತ್ರ ವಾಸಿ. ಟಪಾಲು ವಿಭಾಗದಲ್ಲಿ ಸೀಲು, ಇನ್ವರ್ಡ್ ನಂಬರ್ ಹಾಕಿಸಿಕೊಳ್ಳದೆ ಹೊರಗೆ ಬರಬೇಡಿ. "ಟೇಬಲ್ ಮೇಲೆ ಇಟ್ಟು ಹೋಗಿ" ಅಂದರೆ ಸ್ಪೀಡ್ ಪೋಸ್ಟ್ ಮಾಡಿ.

ಎರಡು ತಿಂಗಳು ಸದ್ದಿಲ್ಲದಿದ್ದರೆ ಮಾಹಿತಿ ಹಕ್ಕು ಅರ್ಜಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. "ಇನ್ವರ್ಡ್ ನಂಬರ್ ಇಂಥದ್ದರ ಮೇಲೆ ಬರೆದ ಟಿಪ್ಪಣಿ ಹಾಳೆಗಳ ನಕಲು ಕೊಡಿ" ಅಂತಷ್ಟೇ ಕೇಳಿ. ಯಾಕೆ, ಏನು ಅಂತ ಪ್ರಶ್ನೆ ಕೇಳಿದರೆ "ಇದು ಮಾಹಿತಿಯಲ್ಲ" ಅಂತ ವಾಪಸ್ ಬರುತ್ತದೆ.

ಗೆರೆಯಿಂದ ಹೊರಗೆ ಬರಬೇಕಾದವರಿಗೆ

ದಿಣ್ಣೆಯ ಆಚೆ ಇಳಿಜಾರಿನಲ್ಲಿರುವ ಹೊಲವೂ ಕೆಲವೊಮ್ಮೆ ಬಫರಿನೊಳಗೆ ಬಿದ್ದಿರುತ್ತದೆ. ಅಲ್ಲಿನ ನೀರು ಬೇರೆ ಹಳ್ಳಕ್ಕೆ ಹೋಗುತ್ತಿದ್ದರೆ ಅದನ್ನು ತಿದ್ದಿಸಿಕೊಳ್ಳುವುದು ನಿಮ್ಮ ಹಕ್ಕು. ದಾರಿ ಇದೇ, ಪುರಾವೆ ಇದೇ. ಮಳೆಯ ಫೋಟೊ ಇಲ್ಲಿ ಇನ್ನೂ ಜಾಸ್ತಿ ಬೇಕು. ಇಂಥವರ ಬೇಡಿಕೆ ನ್ಯಾಯವಾಗಿದ್ದರೆ ಗಡಿ ಹಿಗ್ಗಿಸಬೇಕು ಅನ್ನುವವರೇ ಅವರ ಪರ ಸಹಿ ಹಾಕಲಿ. ಆದರೆ ನದಿಯಿಂದ ಇಷ್ಟು ದೂರ ಅಂತ ಅಳೆದ ವಲಯಕ್ಕೆ ಈ ವಾದ ನಡೆಯುವುದಿಲ್ಲ, ಅಲ್ಲಿ ಲೆಕ್ಕ ದೂರದ್ದು, ಇಳಿಜಾರಿನದ್ದಲ್ಲ.

ರಾಜ್ಯಪತ್ರ ಬಂದ ಮೇಲೆ

ತಿದ್ದುಪಡಿ ರಾಜ್ಯಪತ್ರದಲ್ಲಿ ಪ್ರಕಟವಾದ ದಿನ ಪಟಾಕಿ ಬೇಡ. ಅದರಲ್ಲಿರುವ ಸರ್ವೆ ನಂಬರುಗಳನ್ನು ನಿಮ್ಮ ಪಟ್ಟಿಯ ಜೊತೆ ಒಂದೊಂದಾಗಿ ತಾಳೆ ನೋಡಿ. 47ರ ಬದಲು 74 ಅಂತ ಅಚ್ಚಾಗಿದ್ದರೆ ತಿದ್ದೋಲೆಗೆ ಅವತ್ತೇ ಅರ್ಜಿ ಹಾಕಿ. ಒಂದೊಂದು ಪ್ರತಿ ತಹಶೀಲ್ದಾರ್, ಉಪನೋಂದಣಾಧಿಕಾರಿ, ಪಿಡಿಒ ಮತ್ತು ಭೂ ಪರಿವರ್ತನೆ ನೋಡುವ ಜಿಲ್ಲಾಧಿಕಾರಿ ಕಚೇರಿಗೆ ತಲುಪಿಸಿ. ಒಂದು ಕಚೇರಿಯ ಗೆರೆ ಇನ್ನೊಂದಕ್ಕೆ ತಾನಾಗಿ ಹೋಗುತ್ತದೆ ಅಂತ ನಂಬಿ ಕೂತರೆ, ವರ್ಷ ಕಳೆದು ನೋಡುವಾಗ ಬಫರಿನಲ್ಲೇ ಯಾರೋ ಸೈಟಿನ ಕಲ್ಲು ನೆಟ್ಟಿರುತ್ತಾರೆ.

ಕೊನೆಗೆ ಸರ್ವೆಯರ್ ಕರೆಸಿ ಗಡಿ ಕಲ್ಲು ಹಾಕಿಸಿ. ಕಲ್ಲಿನ ಮೇಲೆ ನಂಬರ್ ಬರೆಸಿ, ಪ್ರತಿಯೊಂದರ ಪಕ್ಕ ನಿಂತು ಫೋಟೊ ತೆಗೆಯಿರಿ, ಪಟ್ಟಿಯನ್ನು ಡೇರಿಯ ಗೋಡೆಗೆ ಅಂಟಿಸಿ. ಮುಂಗಾರು ಮುಗಿದ ಮೇಲೆ ವರ್ಷಕ್ಕೊಮ್ಮೆ ಸುತ್ತು ಹಾಕಿ ಎಣಿಸಿ. ಒಂದು ಕಲ್ಲು ಕಡಿಮೆ ಬಂದರೆ ಟ್ರಾಕ್ಟರ್ ಉಳುವಾಗ ಬಿದ್ದಿರಬಹುದು. ಸಾಲಾಗಿ ಮೂರು ಕಡಿಮೆ ಬಂದರೆ ಪತ್ರಿಕೆಯ ಜಾಹೀರಾತು ಪುಟ ಇನ್ನೊಮ್ಮೆ ನೋಡಿ.